ಪರದೆಯ ಹಿಂದಿನ ಹಾಸಿಗೆ

ನೆಬ್ರಾಸ್ಕಾ
ಜೂನ್ ೧೪, ೧೯೯೪

ಪ್ರೀತಿಯ ತಂಗಿ ಡೊರೀನ್‌ಗೆ, ನಾಲ್ಕು ಚಕ್ರದ ಮೇಲೆ ಸಂಸಾರ ಹೂಡಿರುವ ನಿನ್ನ ಅಕ್ಕನ ನೆನಪುಗಳು.

ಆ ಮನುಷ್ಯನನ್ನು ಬಿಟ್ಟು ಬಂದುಬಿಡು, ಮಹಡಿಯ ಕೋಣೆಗೆ ಬಣ್ಣ ಹೊಡೆಸಿದ್ದೇನೆ ಎಂದು ಬರೆದಿದ್ದೀಯ. ಬರುತ್ತೀಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳು ಎಂದೂ ಕೇಳಿದ್ದೀಯ. ಒಂದೇ ಮಾತಿನಲ್ಲಿ ಮುಗಿಸುವ ಅಭ್ಯಾಸ ನನಗೆ ಯಾವತ್ತಿತ್ತು? ಕೂತು ಓದು.

ನಿನ್ನ ಭಾವ ಡೆಲ್ಬರ್ಟ್ ಜನ್ಮವೆಲ್ಲ ಕುರ್ಚಿಯ ಮೇಲೆ ಕೂತು ವಿಮೆ ಮಾರಿದವನು. ನಿವೃತ್ತಿಯಾದದ್ದೇ ತಡ, ಮನೆ ಮಾರಿ ಈ ಮೋಟಾರು ಮನೆ ಕೊಂಡ. ಬಸ್ಸಿನಷ್ಟು ಉದ್ದ, ಬಚ್ಚಲಿನಷ್ಟು ಅಗಲ. ಹೆದ್ದಾರಿಯಲ್ಲಿ ಹೋಗುವವರು ದೇಶ ನೋಡುವುದಿಲ್ಲ, ಲಾರಿಗಳ ಹಿಂಭಾಗ ನೋಡುತ್ತಾರೆ ಎಂಬುದು ಅವನ ವೇದವಾಕ್ಯ. ಹಾಗಾಗಿ ನಕ್ಷೆಯಲ್ಲಿ ಕೂದಲೆಳೆಯಂತಿರುವ ರಸ್ತೆಗಳನ್ನೇ ಹುಡುಕಿ ಟ್ರ್ಯಾಕ್ಟರುಗಳ ಹಿಂಭಾಗ ನೋಡಿಕೊಂಡು ಹೋಗುತ್ತಿದ್ದೇವೆ. ನಾನು ನೋಡಿದ ದೇಶ ಯಾವುದು ಗೊತ್ತೇ? ಜೋಳ. ಅದು ಮುಗಿದರೆ ಸೋಯಾ, ಆಮೇಲೆ ಮತ್ತೆ ಜೋಳ. ಡೆಲ್ಬರ್ಟ್ ಇಳಿದು ಅದರ ಫೋಟೋ ತೆಗೆಯುತ್ತಾನೆ. ಕೊಂಬೆಗೆ ತಾಗಿಸಿ ಕನ್ನಡಿ ಮುರಿದುಕೊಂಡು, ಮರ ಕಡಿಸದ ಊರವರನ್ನು ಬೈಯುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇನ್ನು ಈ ಗಾಡಿ ಜನರ ವಿಷಯ. ನೆರೆಹೊರೆಯವರ ಕಾಟ ಬೇಡವೆಂದು ಊರು ಬಿಟ್ಟು ಬಂದವರು, ಸಂಜೆಯಾದರೆ ಪಕ್ಕದವರ ಕೆಮ್ಮು ಕೇಳುವಷ್ಟು ಹತ್ತಿರ ಗಾಡಿ ನಿಲ್ಲಿಸುತ್ತಾರೆ. ಜಲ್ಲಿಯ ಮೇಲೆ ಜಮಖಾನ ಹಾಸಿ ಪ್ಲಾಸ್ಟಿಕ್ ಕೊಕ್ಕರೆಗಳ ದೀಪ ತೂಗುಹಾಕುತ್ತಾರೆ. ಯಾವ ಊರು ಅನ್ನುವುದು ಮೊದಲ ಪ್ರಶ್ನೆ, ನಿಮ್ಮದು ಎಷ್ಟು ಅಡಿ ಉದ್ದ ಅನ್ನುವುದು ಎರಡನೆಯದು. ಗಂಡಸರು ಕಕ್ಕಸು ಖಾಲಿ ಮಾಡುವ ಕೊಳವೆಯ ಸುತ್ತ ನಿಂತು, ಚರ್ಚಿನಲ್ಲೂ ಕಾಣದಷ್ಟು ಗಾಂಭೀರ್ಯದಿಂದ ಚರ್ಚೆ ಮಾಡುತ್ತಾರೆ. ಒಬ್ಬೊಬ್ಬರು ಒಂದೊಂದು ತಿನಿಸು ತರಬೇಕಾದ ಸಾಮೂಹಿಕ ಊಟಕ್ಕೆ ಎಲ್ಲರೂ ಆಲೂಗಡ್ಡೆ ಸಲಾಡ್ ತಂದು, ಒಬ್ಬರದನ್ನೊಬ್ಬರು ಹೊಗಳುತ್ತಾರೆ.

ಇವರ ಧರ್ಮ ಒಂದೇ, ಗಾಡಿಯ ತೂಕ ಇಳಿಸುವುದು. ಭಾರ ಹೆಚ್ಚಿದರೆ ಪೆಟ್ರೋಲ್ ಕುಡಿಯುತ್ತದಂತೆ. ಅಯೋವಾದ ಬಿಡಾರದಲ್ಲಿ ಲೈಲ್ ಎಂಬ ವಿಸ್ಕಾನ್ಸಿನ್‌ನ ಮುದುಕ ಡೆಲ್ಬರ್ಟನಿಗೆ ಗುರುವಾಗಿ ವಕ್ಕರಿಸಿದ. ನಮ್ಮ ಕಪಾಟುಗಳನ್ನೆಲ್ಲ ತೆಗೆಸಿ ನೋಡಿ, ಇಷ್ಟು ಹೊತ್ತುಕೊಂಡು ಬೆಟ್ಟ ಹತ್ತಲಾಗದು ಎಂದು ಉಪದೇಶ ಮಾಡಿದ. ನಾನು ಬಟ್ಟೆ ಒಗೆಯಲು ಹೋಗಿದ್ದಾಗ ಡೆಲ್ಬರ್ಟ್ ಅಮ್ಮನ ಕಬ್ಬಿಣದ ಬಾಣಲೆಯನ್ನು ಅವನಿಗೆ ಕೊಟ್ಟುಬಿಟ್ಟ. ಹೌದು ಡೊರೀನ್, ಅದೇ. ಅಮ್ಮ ಜೋಳದ ರೊಟ್ಟಿ ಬೇಯಿಸುತ್ತಿದ್ದ ಬಾಣಲೆ, ಅವಳನ್ನು ಮಣ್ಣು ಮಾಡಿದ ಮೇಲೆ ಯಾರಿಗೆ ಸೇರಬೇಕೆಂದು ಜಗಳವಾಡಿ ನಾವಿಬ್ಬರೂ ವರ್ಷವಿಡೀ ಮಾತು ಬಿಟ್ಟಿದ್ದೆವಲ್ಲ, ಆ ಬಾಣಲೆ. ಹಗುರಾಗಿ ಎಂದು ಬೋಧಿಸಿದ ಲೈಲ್ ಅದನ್ನು ತನ್ನ ಗಾಡಿಗೆ ಏರಿಸಿಕೊಂಡ. ಮರುದಿನ ಅಲ್ಲಿಂದ ಹೊರಟ ಮೇಲೆ ನಾನು ರೊಟ್ಟಿಗೆಂದು ಹುಡುಕಿದಾಗ ಡೆಲ್ಬರ್ಟ್ ಹೇಳಿದ್ದು ಇಷ್ಟೇ.

"ಅದು ಬರೀ ಕಬ್ಬಿಣ ಕಣೆ."

ಅಲ್ಲಿಂದ ನಾನು ಬಾಯಿ ಬಿಡಲಿಲ್ಲ. ಅವನ ಆಸನದ ಹಿಂದಿನ ಪರದೆ ಎಳೆದು ಹಾಸಿಗೆಯ ಮೇಲೆ ಬಿದ್ದುಕೊಂಡೆ. ಎರಡು ದಿನ ಅವನು ಓಡಿಸಿದ, ನಾನು ಮಲಗಿದ್ದೆ.

ನಿನ್ನೆ ಯಾವುದೋ ಹಳ್ಳಿಯ ಪೆಟ್ರೋಲ್ ಅಂಗಡಿಯ ಮುಂದೆ ಗಾಡಿ ನಿಂತಿತು. ಅಲ್ಲಿ ಕಡುಬಿನಂಥ ಸಿಹಿ ಪೈ ಸಿಗುತ್ತದೆಂದು ಫಲಕವಿತ್ತು. ನನಗೊಬ್ಬಳಿಗೆ ಮಾತ್ರ ಒಂದು ತುಂಡು ತರೋಣವೆಂದು ಕೈಚೀಲ ಹಿಡಿದು ಸದ್ದಿಲ್ಲದೆ ಇಳಿದೆ. ತಿರುಗಿ ಬಂದರೆ ಪಂಪ್ ಇತ್ತು, ಧೂಳಿತ್ತು, ಗಾಡಿ ಇರಲಿಲ್ಲ. ಪರದೆ ಮುಚ್ಚಿದೆ, ಅವಳು ಹಿಂದೆ ಬಿದ್ದುಕೊಂಡಿದ್ದಾಳೆ ಎಂದು ಅವನ ಲೆಕ್ಕ. ಮಾತು ಬಿಟ್ಟವಳನ್ನು ಬಿಟ್ಟು ಹೋಗುವುದು ಎಷ್ಟು ಸುಲಭ ನೋಡು.

ಅಂಗಡಿಯ ಒಡತಿ ಅರ್ಲಿಸ್‌ಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಕಾಫಿ ಸುರಿಯುತ್ತ ಸಮಾಧಾನ ಹೇಳಿದಳು.

"ಕೂತ್ಕೊಳ್ಳಿ. ಈ ಬೇಸಿಗೇಲಿ ನೀವೇ ಮೂರನೇವ್ರು. ಹೋದ್ವರ್ಷ ಒಬ್ಬ ಅತ್ತೇನೇ ಬಿಟ್ಟೋಗಿದ್ದ. ಊಟಗೀಟ ಮುಗಿಸ್ಕೊಂಡು ನಿಧಾನಕ್ಕೆ ಬಂದ."

ಸಂಜೆ ಅವಳ ತಮ್ಮ ಬಸ್ಸು ಸಿಗುವ ಊರಿಗೆ ಹೊರಟಿದ್ದ. ಆ ಬಸ್ಸು ನಿನ್ನ ಒಹಾಯೋಗೇ ಹೋಗುತ್ತದಂತೆ. ನಾನೂ ಬರುತ್ತೇನೆ ಅಂದೆ. ನಿನ್ನ ಕೋಣೆಯ ಗೋಡೆಗೆ ಯಾವ ಬಣ್ಣವಿರಬಹುದೆಂದು ಯೋಚಿಸುತ್ತ ಪೈ ತಿಂದೆ. ನಿಜ ಹೇಳುತ್ತೇನೆ, ಮನಸ್ಸು ಹಗುರಾಗಿತ್ತು. ಗಾಡಿಯಿಂದ ಒಬ್ಬ ಹೆಂಗಸಿನಷ್ಟು ತೂಕ ಇಳಿಯಿತೆಂದು ಕೇಳಿದರೆ ಆ ಲೈಲ್‌ಗೂ ಖುಷಿಯಾಗುತ್ತಿತ್ತು.

ತಮ್ಮನ ಪಿಕಪ್‌ಗೆ ಒಂದು ಕಾಲು ಇಟ್ಟಿದ್ದೆ, ಅಷ್ಟರಲ್ಲಿ ನಮ್ಮ ಗಾಡಿ ಹಾರ್ನ್ ಬಡಿಯುತ್ತ ಓಲಾಡಿಕೊಂಡು ಬಂತು. ಆ ಸಣ್ಣ ರಸ್ತೆಯಲ್ಲಿ ಅಂಥ ಗಾಡಿ ತಿರುಗಿಸಲು ಜಾಗವೆಲ್ಲಿ? ಪರದೆ ಸರಿಸಿ ನೋಡಿದ ಮೇಲೂ ತಿರುವು ಸಿಗುವ ತನಕ ಮುಂದೆ ಮುಂದೆ ಹೋಗಿ ಬಂದಿದ್ದಾನೆ. ಇಳಿದಾಗ ಮುಖ ಸುಣ್ಣವಾಗಿತ್ತು. ಕೈಯಲ್ಲಿ ನನ್ನ ದಿಂಬು.

ಅದರಡಿಯಲ್ಲಿ ನಾನಿದ್ದೇನೆಂದು ಎತ್ತಿ ನೋಡಿದೆಯಾ ಎಂದು ಕೇಳಿದೆ. ಎರಡು ದಿನದ ನಂತರ ನಾನು ಅವನೊಂದಿಗೆ ಆಡಿದ ಮೊದಲ ಮಾತು ಅದು.

"ಎಲ್ಲಾ ಹೇಳ್ದೆ ವೆರ್ನಾ," ಅಂದ. "ದಾರಿ ಉದ್ದಕ್ಕೂ ಹೇಳ್ದೆ. ಬಾಣಲೆ ವಿಷ್ಯ, ಮನೆ ಮಾರಿದ ವಿಷ್ಯ. ತಪ್ಪಾಯ್ತು ಅಂದೆ. ನೀನು ಸುಮ್ನಿದ್ದೆ. ಕೇಳಿಸ್ಕೊಳ್ತಾ ಇದೀಯ ಅಂದ್ಕೊಂಡೆ."

ಇವನ ಹಣೆಬರಹ ನೋಡು. ಮದುವೆಯಾದಂದಿನಿಂದ ಒಮ್ಮೆಯೂ ತಪ್ಪಾಯಿತು ಅನ್ನದ ಗಂಡಸು, ಅನ್ನಲೇಬೇಕಾದಾಗ ಅಂದದ್ದು ಖಾಲಿ ದಿಂಬಿಗೆ. ಇನ್ನೊಂದು ಸಲ ಹೇಳು ಅಂದೆ. ಅವನು ಅರ್ಲಿಸ್‌ಳನ್ನು ನೋಡಿದ, ಅವಳ ತಮ್ಮನನ್ನು ನೋಡಿದ, ಪಂಪನ್ನೂ ನೋಡಿದ. ಮುಖ ನೋಡಿಕೊಂಡು ಹೇಳಲು ತನಗೆ ಬರುವುದಿಲ್ಲವಂತೆ. ಪಿಕಪ್ಪಿನ ಇಂಜಿನ್ ಓಡುತ್ತಲೇ ಇತ್ತು. ನಾನು ಪಿಕಪ್ಪಿನಿಂದ ಕಾಲು ತೆಗೆದು ಗಾಡಿಯ ಬೀಗದ ಕೈಗೆ ಕೈ ಚಾಚಿದೆ.

"ಹಾಗಾದ್ರೆ ಹಿಂದೆ ಹೋಗಿ ಮಲಕ್ಕೋ. ಪರದೆ ಎಳ್ಕೋ. ನಾನು ಓಡಿಸ್ತೀನಿ, ನೀನು ಹೇಳು."

ನಿನ್ನ ಕೈಲಾಗದು ಎಂದು ಒಂದು ದಿನವೂ ಮುಟ್ಟಗೊಡದಿದ್ದ ಬೀಗದ ಕೈಯನ್ನು ಕೂಸಿನಂತೆ ಕೊಟ್ಟುಬಿಟ್ಟ.

ಅವನು ಹೇಳಿದ್ದನ್ನು ಬರೆಯುವುದಿಲ್ಲ. ಹೇಳುವುದಕ್ಕೂ ಬರುವುದಿಲ್ಲ ಅವನಿಗೆ. ನಡುವೆ ನಿಲ್ಲಿಸುತ್ತಾನೆ, ಹೇಳಿದ್ದನ್ನೇ ಹೇಳುತ್ತಾನೆ, ನನ್ನ ದಿಂಬಿನಲ್ಲೇ ಮೂಗು ಒರೆಸಿಕೊಳ್ಳುತ್ತಾನೆ. ನನಗೂ ಅಳು ಬಂತು, ಸ್ವಲ್ಪ ಹೊತ್ತು ಜೋಳ ಕಾಣಿಸಲಿಲ್ಲ. ಅದೇನು ದೊಡ್ಡ ನಷ್ಟವಲ್ಲ. ಆಮೇಲೆ ಗಾಡಿಯನ್ನು ಹೆದ್ದಾರಿಗೆ ಹತ್ತಿಸಿ ಅಯೋವಾದ ಕಡೆ ತಿರುಗಿಸಿದೆ. ಬೆನ್ನ ಕೆಳಗೆ ರಸ್ತೆ ನುಣ್ಣಗಾದದ್ದು ಅವನಿಗೆ ಗೊತ್ತಾಗಿರಲೇಬೇಕು. ಲಾರಿಗಳ ಹಿಂಭಾಗದ ವೇದವಾಕ್ಯ ಮಾತ್ರ ಬರಲಿಲ್ಲ. ಆ ಲೈಲ್ ಈ ತಿಂಗಳು ಮುಗಿಯುವ ತನಕ ಅಲ್ಲೇ ಬಿಡಾರ ಹೂಡಿರುತ್ತಾನೆ, ಬಾಣಲೆ ಕಸಿದುಕೊಳ್ಳದೆ ನಾನು ಬಿಡುವವಳಲ್ಲ.

ನಿನ್ನ ಅಕ್ಕ,
ವೆರ್ನಾ

ಮರೆತ ಮಾತು: ಮಹಡಿಯ ಕೋಣೆಯನ್ನು ಬಾಡಿಗೆ ಕೇಳಿದ್ದಳಲ್ಲ ಆ ಟೀಚರಮ್ಮ, ಅವಳಿಗೇ ಕೊಟ್ಟುಬಿಡು. ನಿನ್ನೆಯಿಂದ ಡೆಲ್ಬರ್ಟ್ ಹೊಸ ಕಾಟ ಶುರುಮಾಡಿದ್ದಾನೆ. ಗಾಡಿ ಹೊರಡುವ ಮೊದಲು, ನಾನು ಪಕ್ಕದಲ್ಲೇ ಕೂತಿದ್ದರೂ, "ವೆರ್ನಾ, ಇದೀಯಾ?" ಎಂದು ಕೂಗುತ್ತಾನೆ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮೊದಲ ಸಲಕ್ಕೆ ನಾನು ಉತ್ತರ ಕೊಡುವುದಿಲ್ಲ. ಇನ್ನೊಂದು ಸಲ ಕೂಗಲಿ ಎಂದು ಕಾಯುತ್ತೇನೆ.