ಒಲೆಯ ಮೇಲಿನ ಸಣ್ಣ ಗಡಿಗೆ

ಗಂಗಾವತಿ, ದವಾಖಾನೆಯಿಂದ
18 ಆಗಸ್ಟ್ 2014, ಸೋಮವಾರ

ಸೌಭಾಗ್ಯವತಿ ರಂಜಿತಾಳಿಗೆ ನಿನ್ನ ಅತ್ತೆ ಯಮನೂರಮ್ಮ ಮಾಡುವ ಆಶೀರ್ವಾದ.

ನೀನು ಆರಾಮ ಇದ್ದೀಯೆಂದು ತಿಳಿದಿದ್ದೇನೆ. ನಿಮ್ಮ ಅವ್ವನ ಮೊಣಕಾಲು ನೋವು ಈ ತಂಪಿಗೆ ಹೆಚ್ಚಾಗಿರಬೇಕು, ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕು. ಕುಷ್ಟಗಿ ಕಡೆ ಮಳೆ ಹೇಗಿದೆ? ಸಿದ್ದಾಪುರದಲ್ಲಿ ಕಾಲುವೆಗೆ ನೀರು ಬಂದು ನಾಟಿ ಮುಗಿಯುತ್ತ ಬಂತು. ನಿನ್ನ ಗಂಡ ಯಂಕೇಶ ಮುನಿರಾಬಾದಿನ ಆಫೀಸು ಮುಗಿಸಿ ಸಂಜೆ ಇಲ್ಲಿಗೆ ಬರುತ್ತಾನೆ, ಅಪ್ಪನ ಹತ್ತಿರ ಕೂಡುತ್ತಾನೆ, ನನ್ನೊಡನೆ ಎರಡು ಮಾತಿಗಿಂತ ಹೆಚ್ಚು ಆಡುವುದಿಲ್ಲ. ನಿನ್ನನ್ನು ತವರಿಗೆ ಕಳಿಸಿದವಳು ನಾನು ಎಂಬುದನ್ನು ಅವನು ಮರೆತಿಲ್ಲ. ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ಮಾಡಿದ್ದೆ. ನೀನು ‘ಹಲೋ’ ಅಂದ ಕೂಡಲೇ ಇಟ್ಟುಬಿಟ್ಟೆ. ನನ್ನ ಬಾಯಿಂದ ಏನೇ ಬಂದರೂ ಬೈದ ಹಾಗೆ ಕೇಳಿಸುತ್ತದೆ. ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಬರೆದರೆ ನೆಟ್ಟಗೆ ಬರೆದೇನು ಎಂದು ಕೂತಿದ್ದೇನೆ.

ನಿನ್ನ ಮಾವ ಮತ್ತೆ ದವಾಖಾನೆ ಸೇರಿದ್ದಾರೆ. ಕಾಲು ಬಾತು ಚಪ್ಪಲಿ ಹಿಡಿಸುತ್ತಿಲ್ಲ, ಮಲಗಿದರೆ ಉಸಿರು ಸಿಗುವುದಿಲ್ಲ, ದಿಂಬು ಒಟ್ಟಿ ಕೂಡಿಸಿದ್ದೇವೆ. ಎದೆಯೊಳಗಿನ ಕವಾಟ ಕೆಟ್ಟಿದೆ, ಆಪರೇಶನ್ ಆಗಬೇಕು, ಮೊದಲು ಮೈಯಲ್ಲಿ ತುಂಬಿದ ನೀರು ಇಳಿಯಬೇಕು. ಈ ದವಾಖಾನೆಯಲ್ಲಿ ಇಂಥದ್ದನ್ನು ಒಬ್ಬ ಡಾಕ್ಟರು ನಿರ್ಧರಿಸುವುದಿಲ್ಲ. ಗುರುವಾರ ಎಲ್ಲರೂ ದೊಡ್ಡ ಮೇಜಿನ ಸುತ್ತ ಕೂಡುತ್ತಾರೆ. ಹೃದಯದ ಡಾಕ್ಟರು, ಹುಬ್ಬಳ್ಳಿಯಿಂದ ಬರುವ ಆಪರೇಶನ್ ಡಾಕ್ಟರು, ಅರಿವಳಿಕೆ ಕೊಡುವ ಡಾಕ್ಟರಮ್ಮ, ನರ್ಸು, ರೋಗಿಗೆ ನಡಿಗೆ ಕಲಿಸುವವನು, ಊಟದ ಪಥ್ಯ ಹೇಳುವ ಮೆಹಜಬೀನ. ರೋಗಿಯನ್ನೂ ಗಾಲಿಕುರ್ಚಿಯಲ್ಲಿ ತರುತ್ತಾರೆ, ಮನೆಯವರಿಗೆಂದು ಒಂದು ಕುರ್ಚಿ ಹಾಕುತ್ತಾರೆ. ಕಳೆದ ತಿಂಗಳು ಮೊದಲ ಸಲ ಅಲ್ಲಿ ಕೂತಾಗ ನನಗೆ ಒಳಗೊಳಗೇ ನಗು. ಮನೆ, ಗದ್ದೆ, ಆಳು ಎಲ್ಲವನ್ನೂ ನಾನೊಬ್ಬಳೇ ನಡೆಸುತ್ತೇನೆ, ಒಂದು ಎದೆಗೆ ಇಷ್ಟು ಮಂದಿಯೇ ಅಂದುಕೊಂಡೆ. ಆಪರೇಶನ್ ಡಾಕ್ಟರು ತಾವು ತಯಾರೆಂದರು. ಅರಿವಳಿಕೆ ಡಾಕ್ಟರಮ್ಮ ಅವರಿಗೆ ಮಗಳಾಗಬೇಕು ಅಷ್ಟು ಸಣ್ಣವಳು. “ಈಗ ಬ್ಯಾಡ್ರಿ ಸರ್. ನೀರು ಇಳಿಯೂತನಕ ನಾ ಮಲಗಸೂದಿಲ್ಲ” ಅಂದಳು. ಅಷ್ಟು ದೊಡ್ಡ ಮನುಷ್ಯ, “ಆತು ಬಿಡವ್ವ, ನೀ ಹೇಳಿದಾಗ ಮಾಡೂಣು” ಅಂದರು. ಅವರ ಮರ್ಯಾದೆಗೆ ಏನೂ ಆಗಲಿಲ್ಲ. ಆವಾಗ ನಿನ್ನ ಮುಖ ಕಣ್ಣ ಮುಂದೆ ಬಂತು. ನಮ್ಮ ಮನೆಯಲ್ಲಿ ನನಗೆ ‘ಬ್ಯಾಡ್ರಿ’ ಅಂದವಳು ನೀನೊಬ್ಬಳೇ.

ಹೌದು, ಆ ಗಡಿಗೆಯ ಮಾತನ್ನೇ ಹೇಳುತ್ತಿದ್ದೇನೆ. ಮಾವನಿಗೆ ಉಪ್ಪು ಆಗದೆಂದು ಡಾಕ್ಟರು ಹೇಳಿದ ದಿನದಿಂದ ನೀನು ಸಣ್ಣ ಗಡಿಗೆಯಲ್ಲಿ ಅವರಿಗೇ ಬೇರೆ ಮಾಡುತ್ತಿದ್ದೆ. ನನ್ನ ಕಣ್ಣಿಗೆ ಅದು ಪಥ್ಯವಾಗಿ ಕಾಣಲಿಲ್ಲ, ಇವಳು ಒಲೆ ಬೇರೆ ಮಾಡಲು ಶುರು ಹಚ್ಚಿದಳು ಎಂದೇ ಕಂಡಿತು. “ಒಂದ ಮನ್ಯಾಗ ಎರಡ ಗಡಿಗಿ ಕುದಿಯೂದಿಲ್ಲ” ಅಂದೆ. ನೀನು, “ಬ್ಯಾಡ್ರಿ ಅತ್ತಿ, ಇದು ಮಾವಗ ಅಂತ ಮಾಡಿದ್ದು” ಅನ್ನುತ್ತಿರುವಾಗಲೇ ಅದನ್ನು ಎಮ್ಮೆಯ ಕಲಗಚ್ಚಿನ ಬಾನಿಗೆ ಸುರುವಿ, ಗಡಿಗೆಯನ್ನು ಕೊಟ್ಟಿಗೆಯಲ್ಲೇ ಬಿಟ್ಟೆ. ಮೇಲೆ, ತವರಲ್ಲಿ ಬೇಕಾದಷ್ಟು ಗಡಿಗೆ ಇಟ್ಟುಕೋ ಹೋಗು ಎಂದೂ ಅಂದೆ. ನೀನು ಹೋದೆ.

ಅದನ್ನಾದರೂ ಸಿಟ್ಟಿನ ಭರದಲ್ಲಿ ಆದದ್ದು ಅನ್ನಬಹುದು. ಮೇಜಿನ ಮುಂದೆ ಆದದ್ದಕ್ಕೆ ಆ ನೆಪವೂ ಇಲ್ಲ. “ಮನ್ಯಾಗ ಅಡಿಗಿ ಯಾರು ಮಾಡ್ತೀರಿ?” ಎಂದು ಮೆಹಜಬೀನ ಕೇಳಿದಳು. ನಾನೇ ಅಂದೆ. ಸೊಸೆ ಎಲ್ಲಿ ಎಂದು ಕೇಳಿಯಾರು ಎಂಬ ಅಂಜಿಕೆ. “ಬ್ಯಾಸಿಗಿ ಮೊದಲು ಬಂದಾಗ ಕಾಲಿನ ಬಾವು ಪೂರಾ ಇಳದಿತ್ತಲ್ಲ ಅಮ್ಮ, ಆವಾಗ ಏನು ಮಾಡಿ ಹಾಕ್ತಿದ್ರಿ?” ಅಂದಳು. ನಾನು ತಲೆ ತಗ್ಗಿಸಿದೆ. ನೀನು ಬಂದ ಮೇಲೆ ನಾನು ಒಲೆಯ ಮುಂದೆ ಕೂತವಳಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ನಿನ್ನ ಮಾವ, “ಪುಂಡಿಪಲ್ಯ ಮಾಡ್ತಾಳ್ರಿ ಈಕಿ, ಬಳ್ಳೊಳ್ಳಿ ಜಜ್ಜಿ ಹಾಕಿ. ಆ ಹುಳಿಗೆ ಉಪ್ಪಿನ ನೆನಪ ಆಗೂದಿಲ್ರಿ” ಅಂದರು. ಆಪರೇಶನ್ ಡಾಕ್ಟರು, “ಶಬಾಸ್ ಅಮ್ಮ, ಅರ್ಧ ಕೆಲಸ ನೀವಽ ಮಾಡೀರಿ” ಅಂದರು. ನಾನು ಸೆರಗು ಸರಿಮಾಡಿಕೊಂಡು ಆ ಶಬಾಸ್‌ಗಿರಿ ತೆಗೆದುಕೊಂಡೆ, ರಂಜಿತಾ. ಹೊರಗೆ ಬಂದು, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದರೆ, “ನಾಕ ಮಂದ್ಯಾಗ ನೀ ತಲಿ ತಗ್ಗಿಸಿದ್ದು ನಾ ಎಂದೂ ನೋಡಿಲ್ಲ. ನೋಡಾಕ ಆಗಲಿಲ್ಲ” ಅಂದರು. ಉಸಿರು ಸಿಗದ ಮನುಷ್ಯ ನನ್ನ ಮಾನ ಕಾಯುತ್ತ ಕೂತಿದ್ದರು.

ಪಥ್ಯ ಹೇಳಿ ಊರಿಗೆ ಕಳಿಸಿದರು. ನಾನೂ ಪುಂಡಿಸೊಪ್ಪು ತಂದು ಮಾಡಿದೆ. ನಿನ್ನ ಕೈಯಂತೆ ಆಗಲಿಲ್ಲ. ಅವರು ಎರಡು ತುತ್ತು ಉಂಡು, “ಛಲೋ ಆಗೇತಿ” ಅಂದು ತಾಟು ಸರಿಸುತ್ತಿದ್ದರು. ಹೊಟ್ಟೆಗಿಲ್ಲದೆ ಸೊರಗುತ್ತಾರೆಂದು ಒಂದು ಚಿಟಿಕೆ ಉಪ್ಪು ಹಾಕಿದೆ. ಚೆನ್ನಾಗಿ ಉಂಡರು. ಮರುದಿನ ಇನ್ನಷ್ಟು ಹಾಕಿದೆ. ಆಮೇಲೆ ಉಪ್ಪಿನಕಾಯಿ ಕೇಳಿದರೆ ಅದನ್ನೂ ಬಡಿಸಿದೆ.

ಕಾಲು ಬಾತು ಮತ್ತೆ ಇಲ್ಲಿಗೆ ಬಂದೆವು. ಹೋದ ಗುರುವಾರ ಅದೇ ಮೇಜಿನ ಮುಂದೆ ಹೃದಯದ ಡಾಕ್ಟರು ಹೇಳಿದ ಮಾತು ಕೇಳು. “ಈ ಅಮ್ಮ ಉಪ್ಪು ಮುಟ್ಟಸೂದಿಲ್ಲ. ಅಷ್ಟಾದ್ರೂ ನೀರು ತುಂಬಾಕತ್ತೈತಿ ಅಂದ್ರ ಹೃದಯನಽ ಸೋತೈತಿ. ಆಪರೇಶನ್ ತಡಕೊಳ್ಳೂದಿಲ್ಲ.” ಅರಿವಳಿಕೆ ಡಾಕ್ಟರಮ್ಮ ಹೌದೆಂದಳು. ಅಷ್ಟು ಜನ ಓದಿದವರು ಕೂಡಿ ಲೆಕ್ಕ ಹಾಕಿದ್ದು ನನ್ನ ಒಂದು ಸುಳ್ಳಿನ ಮೇಲೆ. ಆಪರೇಶನ್ ಬಿಟ್ಟುಬಿಡುವ ಮಾತಾಯಿತು. ನಿನ್ನ ಮಾವ ನನ್ನ ಕಡೆ ನೋಡಲಿಲ್ಲ. ಅವತ್ತೂ ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗ ನನ್ನ ಕೈಯನ್ನು ನಾನೇ ನೋಡಲಾರೆ.

ನಿಮ್ಮ ಅಪ್ಪ ಅವ್ವನಿಗೆ ನನ್ನ ನಮಸ್ಕಾರ ತಿಳಿಸು. ಅವರು ಅದನ್ನು ತೆಗೆದುಕೊಳ್ಳದಿದ್ದರೂ ನನ್ನ ತಕರಾರಿಲ್ಲ. ನೂರು ವರ್ಷ ಮುತ್ತೈದೆಯಾಗಿ ಬಾಳು.

ನಿನ್ನ ಅತ್ತೆ,
ಯಮನೂರಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಹೋಗಿ ಮೆಹಜಬೀನಳಿಗೆ ಎಲ್ಲ ಹೇಳಿ ಬಂದೆ. ಉಪ್ಪು, ಉಪ್ಪಿನಕಾಯಿ, ನೀನು, ಎಮ್ಮೆಯ ಬಾನಿ, ಏನೂ ಬಿಡದೆ. ಆ ಹುಡುಗಿ ಸಮಾಧಾನ ಮಾಡಲಿಲ್ಲ. “ಇದನ್ನ ಹ್ವಾದ ಗುರುವಾರ ಹೇಳಬೇಕಿತ್ತು ಅಮ್ಮ” ಎಂದು ಡಾಕ್ಟರ ಕೋಣೆಗೆ ಓಡಿದಳು. ಬಂದು, “ಈ ಗುರುವಾರ ಮತ್ತ ಎಲ್ಲಾರೂ ಕೂಡ್ತೀವಿ. ಆಪರೇಶನ್ ಇನ್ನೂ ಕೈ ಬಿಟ್ಟಿಲ್ಲ. ನಿಮ್ಮ ಸೊಸಿನ್ನ ಕರಸ್ರಿ, ಆಕಿ ಬೇಕು ನಮಗ” ಅಂದಳು. ಈ ಕಾಗದವನ್ನು ಯಂಕೇಶನ ಕೈಯಲ್ಲೇ ಕಳಿಸುತ್ತೇನೆ, ಅವನ ಸಂಗಡ ಬಾ. ಸಣ್ಣ ಗಡಿಗೆಯನ್ನು ದನದ ಕೊಟ್ಟಿಗೆಯಿಂದ ತರಿಸಿ ತೊಳೆದಿದ್ದೇನೆ. ಮೇಜಿನ ಹತ್ತಿರ ಮನೆಯವರಿಗೆ ಇರುವುದು ಒಂದೇ ಕುರ್ಚಿ. ನೀನು ಕೂಡು. ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ.