ಬಿಳಿ ಕಾಗದದ ಹಿಂದೆ

ಎಡಿಟರ್ ಅಣ್ಣನಿಗೆ ನಮಸ್ಕಾರ.

ಅಮ್ಮ ಹೋಗಿ ಇವತ್ತಿಗೆ ನಾಲ್ಕು ದಿನ. ನೀವು ಎರಡು ಸಲ ಫೋನ್ ಮಾಡಿದ್ದು ನೋಡಿದೆ. ಎತ್ತಲಿಲ್ಲ, ತಪ್ಪು ತಿಳಿಯಬೇಡಿ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಆಗುತ್ತಿದೆ. ಹೊಲಿಗೆ ಕಾರ್ಖಾನೆಯ ಹೆಂಗಸರ ಸಾಕ್ಷ್ಯಚಿತ್ರದ ಎಡಿಟಿಂಗ್ ನಿಲ್ಲಿಸಬೇಡಿ. ಎರಡನೆಯ ಭಾಗ ಇನ್ನೂ ಉದ್ದವಾಗಿದೆ ಅನಿಸುತ್ತದೆ, ನೋಡಿ.

ಇನ್ನೊಂದು ಕೆಲಸವಿದೆ. ಪೇಪರಿನಲ್ಲಿ ಶ್ರದ್ಧಾಂಜಲಿ ಹಾಕಿಸಲು ಅಕ್ಕ ಅಮ್ಮನ ಫೋಟೊ ಕೇಳಿದಳು. ಮನೆಯೆಲ್ಲ ಜಾಲಾಡಿದರೂ ಸರಿಯಾದದ್ದು ಸಿಗಲಿಲ್ಲ. ಗುರುತಿನ ಚೀಟಿಯಲ್ಲಿರುವುದು ತಾನೇ ಎಂದು ಅಮ್ಮನೂ ಒಪ್ಪುತ್ತಿರಲಿಲ್ಲ.

"ಇಪ್ಪತ್ತು ವರ್ಷದಿಂದ ಊರಲ್ಲಿರೋ ಹೆಂಗಸ್ರನ್ನೆಲ್ಲಾ ಕ್ಯಾಮೆರಾದಲ್ಲಿ ತುಂಬ್ಕೊಂಡಿದ್ದೀಯ. ಹೆತ್ತೋಳ್ದು ಒಂದೂ ಇಲ್ವಾ?" ಅಂದಳು ಅಕ್ಕ.

ಅಮ್ಮ ನನ್ನ ಎಲ್ಲ ಶೂಟಿಂಗಿಗೂ ಬರುತ್ತಿದ್ದಳಲ್ಲ. ಮಾತಾಡುವ ಹೆಂಗಸು ಬಂದು ಕೂರುವ ಮೊದಲು ಅದೇ ಕುರ್ಚಿಯಲ್ಲಿ ಅವಳು ಕೂರುತ್ತಿದ್ದಳು. ನಾನು ಕ್ಯಾಮೆರಾದಲ್ಲಿ ಬಣ್ಣ ಸರಿಹೊಂದಿಸಿಕೊಳ್ಳಲೆಂದು ಮುಖದ ಮುಂದೆ ಬಿಳಿ ಕಾಗದ ಹಿಡಿಯುತ್ತಿದ್ದಳು. ಕ್ಯಾಮೆರಾ ಓಡುತ್ತಲೇ ಇರುತ್ತಿತ್ತು. ಆ ತುಣುಕುಗಳನ್ನು ನಾವು ಪ್ರತಿ ಚಿತ್ರದಲ್ಲೂ ಮೊದಲೇ ಕಿತ್ತುಹಾಕಿದ್ದೇವೆ. ನಿಮ್ಮಲ್ಲಿರುವ ಹಳೆಯ ಹಾರ್ಡ್‌ಡಿಸ್ಕುಗಳಲ್ಲಿ ಅವು ಇನ್ನೂ ಇರಬೇಕು. ದಯವಿಟ್ಟು ಹುಡುಕಿ. ಎಲ್ಲಾದರೂ ಅವಳು ಕಾಗದ ಸ್ವಲ್ಪ ಕೆಳಗಿಳಿಸಿದ್ದರೆ ಅಷ್ಟನ್ನು ನನಗಾಗಿ ತೆಗೆದಿಡಿ.

ಪ್ರತಿ ಸಲವೂ ಅವಳು ಕಾಗದದ ಹಿಂದಿನಿಂದ "ನಾನು ಕಾಣಿಸ್ತಿದ್ದೀನೇನೇ?" ಎಂದು ಕೇಳುತ್ತಿದ್ದಳು. "ಇಲ್ಲಮ್ಮ, ಕಾಗದ ಕಂಡ್ರೆ ಸಾಕು" ಅನ್ನುತ್ತಿದ್ದೆ.

ಸಿಕ್ಕಿದರೆ ಅವಳ ಮಾತು ಕತ್ತರಿಸಬೇಡಿ. ನನ್ನ ಉತ್ತರವೂ ಹಾಗೇ ಇರಲಿ.

ನಿಮ್ಮ
ಕ್ಯಾಮೆರಾ ತಂಗಿ