ಟವಲಿನ ಕೆಳಗಿನ ತೀರ್ಮಾನ

ಶ್ರೀಮದ್ವಸಂತಪುರ ಸಂಸ್ಥಾನಾಧೀಶ್ವರ, ಎಂಟು ಬಾಡಿಗೆ ಮನೆ ಹಾಗೂ ಒಂದು ಮೊಬೈಲ್ ಟವರಿನ ಏಕಚ್ಛತ್ರಾಧಿಪತಿ, ಹಲ್ಲು ನೋಡಿ ಎತ್ತಿನ ವಯಸ್ಸನ್ನೂ ಚಪ್ಪಲಿ ನೋಡಿ ಬಾಡಿಗೆದಾರನ ಯೋಗ್ಯತೆಯನ್ನೂ ಹೇಳಬಲ್ಲ ಪರೀಕ್ಷಕ ಸಾರ್ವಭೌಮ, ಹೆಗಲ ಮೇಲಿನ ಟವಲನ್ನೇ ರಾಜಲಾಂಛನ ಮಾಡಿಕೊಂಡ ಶ್ರೀ ಶ್ರೀ ಶ್ರೀ ಚಿಕ್ಕಬೈರಪ್ಪ ತಾತನವರ ದಿವ್ಯ ಪಾದಗಳಿಗೆ, ಸದರಿ ಸಂಸ್ಥಾನದ ಹಿರಿಯ ಮೊಮ್ಮಗನೂ ಆಸ್ಥಾನ ಕಿಡಿಗೇಡಿಯೂ ಆದ ಮನು ಅಡ್ಡಬಿದ್ದು ಬಿನ್ನವಿಸಿಕೊಳ್ಳುವುದೇನೆಂದರೆ:

ವಾಹನ ಬಂದಿದೆ.

ದೀಪಾವಳಿಗೆ ಎರಡು ದಿನ ಮುಂಚೆ ಬಂತು. ವಲ್ಲಭರಾಯನ ಗುಡಿಯ ಮುಂದೆ ನಿಲ್ಲಿಸಿ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದು ಪೂಜೆ ಮಾಡಿಸಿದೆವು. ತಮ್ಮ ಭಾವಚಿತ್ರವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದ್ದೆ. ಬೆಲ್ಟ್ ಹಾಕದೆ ಯಾರಾದರೂ ಕೂತರೆ ಈ ಗಾಡಿ ಕುಂಯ್ ಕುಂಯ್ ಅಂತ ಬಡಕೊಳ್ಳುತ್ತದೆ, ಅದಕ್ಕೆ. ಆಮೇಲೆ ಅನುಮಾನ ಬಂದು ಬೆಲ್ಟ್ ತೆಗೆದು ನೋಡಿದೆ. ಗಾಡಿ ಸುಮ್ಮನಿತ್ತು. ಫೋಟೋದ ತೂಕ ಅದಕ್ಕೆ ತಿಳಿಯುವುದಿಲ್ಲವಂತೆ. ಆ ಸೀಟಿನಲ್ಲಿ ಯಾರೂ ಇಲ್ಲ ಅಂತಲೇ ಅದರ ಲೆಕ್ಕ.

‘ತಾವು’ ಇಷ್ಟಕ್ಕೆ ಸಾಕು ತಾತ. ನೀನಿದ್ದಿದ್ದರೆ ಎರಡು ಪುಟ ಎಳೆಯುತ್ತಿದ್ದೆ. ಶನಿವಾರ ಬೆಳಗ್ಗೆ ನೀನು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಾ ಕೂತಿರುವಾಗ ನಾನು ಇಂಥ ರಾಯಸಗಳನ್ನು ಬರೆದು ತಂದು, ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದುತ್ತಿದ್ದೆನಲ್ಲ. ಬೋರ್‌ವೆಲ್ ಕೆಟ್ಟರೆ ಒಂದು ರಾಯಸ, ಮೂರನೇ ಮನೆಯವರು ಕೇಳದೆ ಬೆಕ್ಕು ಸಾಕಿದರೆ ಇನ್ನೊಂದು. ನೀನು ಕಣ್ಣು ಮುಚ್ಚಿ ಪೂರ್ತಿ ಕೇಳಿ, ಕೊನೆಗೆ ‘ಒಪ್ಪೈತೆ, ಮುದ್ರೆ ಒತ್ತು’ ಅನ್ನುತ್ತಿದ್ದೆ. ಈ ರಾಯಸಕ್ಕೆ ಮುದ್ರೆ ಒತ್ತಿಸಿಕೊಳ್ಳುವುದು ಎಲ್ಲಿ ಅಂತ ಗೊತ್ತಿಲ್ಲದೆ ಅದೇ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಗಾಡಿ ಬೇಕಾದದ್ದು ಶೋಕಿಗಲ್ಲ ಎಂದು ದಾಖಲೆಗಾಗಿ ಬರೆದಿಡುತ್ತೇನೆ. ಹಾರೋಹಳ್ಳಿ ದಾಟಿ ಒಳಗೆ ಹೋದರೆ ನಮ್ಮ ಮನೆದೇವರ ಗುಡ್ಡ. ಕೊನೆಯ ಮೂರು ಮೈಲಿ ಟಾರಿಲ್ಲ, ಬರೀ ಗಾಡಿ ಜಾಡು, ಕಲ್ಲು, ಕೊರಕಲು. ನಿನ್ನ ಹತ್ತಿರ ಕರಿಯ, ಕೆಂದ ಅನ್ನುವ ಜೋಡಿ ಎತ್ತು ಇದ್ದಷ್ಟು ಕಾಲ ರಾಗಿ ಕಣ ಮುಗಿದ ಮೇಲೆ ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದೆಯಂತೆ. ಎತ್ತು ಹೋದವು, ಹೊಲ ಲೇಔಟ್ ಆಯಿತು, ನಿನ್ನ ಮಂಡಿ ಕೈಕೊಟ್ಟಿತು. ಹನ್ನೊಂದು ವರ್ಷದಿಂದ ನೀನು ಗುಡ್ಡ ಕಂಡಿರಲಿಲ್ಲ. ಅಪ್ಪ ಒಂದು ಸಲ ತನ್ನ ಹಳೇ ಕಾರಿನಲ್ಲಿ ಕರೆದುಕೊಂಡು ಹೊರಟು, ಅರ್ಧ ಮೈಲಿಗೇ ಅದರ ಹೊಟ್ಟೆ ಕಲ್ಲಿಗೆ ಉಜ್ಜಿ ವಾಪಸ್ ಬಂದ. ಅವತ್ತು ನೀನು ಅಂದದ್ದು ಇಷ್ಟೇ: ‘ಒಂದ್ಸಲ ಆ ಗುಡಿ ಮೆಟ್ಲ ಮ್ಯಾಲೆ ಕುಂತು ಬಂದ್ಬುಟ್ರೆ ಸಾಕು ಕಣ್ಲಾ ಮನು. ಆಮ್ಯಾಕೆ ಏನಾದ್ರೂ ಆಗ್ಲಿ.’

ಅದಕ್ಕೇ ನಾಲ್ಕೂ ಚಕ್ರ ಎಳೆಯುವ ಗಾಡಿ ತೆಗೆದುಕೊಳ್ಳೋಣ ಅಂತ ಅಪ್ಪ ತೀರ್ಮಾನ ಮಾಡಿದ್ದು. ಪೇಟೆಯಲ್ಲಿ ಪೈಪೋಟಿಗೆ ಎದುರುಬದುರು ನಿಂತ ಗಾಡಿಗಳು ಎರಡು. ಯಾವುದು ಅನ್ನುವುದನ್ನು ಹತ್ತುವವರೇ ಹೇಳಲಿ, ತಾತ ಹೇಳಿದ ದಿನ ಟೋಕನ್ ಹಣ ಕೊಡುತ್ತೇನೆ ಅಂದ. ಸಂಕ್ರಾಂತಿಯ ಮಾರನೇ ವಾರ ನಾವಿಬ್ಬರೂ ಶೋರೂಮ್ ದಂಡಯಾತ್ರೆಗೆ ಹೊರಟೆವು. ಆ ಗಾಡಿಗಳ ಹೆಸರು ನಿನ್ನ ನಾಲಿಗೆಗೆ ಹತ್ತಲಿಲ್ಲ. ಕಪ್ಪಗಿದ್ದದ್ದು ಕರಿಯ, ಕೆಂಪಗಿದ್ದದ್ದು ಕೆಂದ ಅಂದೆ. ಕರಿಯನದು ಎರಡು ಪಾಯಿಂಟ್ ಎರಡು ಲೀಟರಿನ ಡೀಸೆಲ್ ಎಂಜಿನ್, ಗುಡುಗಿನಂಥ ಸದ್ದು, ರಸ್ತೆಗಿಳಿಯುವ ಹೊತ್ತಿಗೆ ಇಪ್ಪತ್ತು ಲಕ್ಷ. ಕೆಂದನದು ಒಂದೂವರೆ ಲೀಟರ್ ಪೆಟ್ರೋಲ್, ಹಗುರ ಮೈ, ಹದಿನೈದು ಲಕ್ಷ. ನಾನು ಕರಿಯನ ಪಾರ್ಟಿ. ಅದನ್ನೇನೂ ಮುಚ್ಚಿಟ್ಟಿರಲಿಲ್ಲ. ಕೆಂದನನ್ನು ತಂದು ಅರೆಕೆರೆಯ ಗೆಳೆಯರ ಮುಂದೆ ನಿಲ್ಲಿಸಿದರೆ ‘ಏನ್ ಮಗಾ, ಇದರ ಅಪ್ಪನ್ನ ಮನೇಲೇ ಬಿಟ್ಟು ಬಂದ್ಯಾ’ ಅನ್ನುತ್ತಿದ್ದರು.

ಜೆ.ಪಿ. ನಗರದಲ್ಲಿ ಕರಿಯನನ್ನು ತೋರಿಸಲು ಬಂದವನ ಹೆಸರು ವಸಿಷ್ಠ. ಟೈ ಕಟ್ಟಿದ್ದ. ನೀನು ಅವನಿಂದ ಬಾನೆಟ್ ತೆಗೆಸಿ ಎಂಜಿನ್ನಿಗೆ ಕಿವಿ ಕೊಟ್ಟೆ. ಹಿಂಭಾಗಕ್ಕೆ ಹೋಗಿ ಚಟಾರನೆ ಒಂದು ತಟ್ಟಿದೆ. ಆಮೇಲೆ ಮುಂದೆ ಬಂದು, ಬಗ್ಗಿ, ಒಂದು ದೀಪದಿಂದ ಇನ್ನೊಂದು ದೀಪದವರೆಗೆ ಮೊಳ ಹಾಕತೊಡಗಿದೆ. ವಸಿಷ್ಠ ಮೆಲ್ಲಗೆ ‘ಅಂಕಲ್, ಅಗಲ ಎಲ್ಲಾ ಬ್ರೋಷರ್‌ನಲ್ಲಿ ಇದೆ’ ಅಂದ. ನೀನು ತಲೆ ಎತ್ತದೆ ‘ಗುಡ್ಡಕ್ಕೆ ಬ್ರೋಷರ್ ಓದಕ್ಕೆ ಬರಾಕಿಲ್ಲ ಕಣಪ್ಪ’ ಅಂದೆ. ನಾನು ನಕ್ಕೆ. ನಮ್ಮ ನಾಟಕದ ಒಂದು ದೃಶ್ಯ ಅಂದುಕೊಂಡು, ಫೋನಿನಲ್ಲಿ ಹಿಡಿದೂ ಇಟ್ಟುಕೊಂಡೆ.

ಬೆಲೆ ಮಾತಾಡುವ ಹೊತ್ತಿಗೆ ನೀನು ಅವನ ಕೈ ಹಿಡಿದು ಮೇಲೆ ಟವಲ್ ಮುಚ್ಚಿದೆ. ದನದ ಸಂತೆಯ ಪದ್ಧತಿ ಆ ಪಾಪದವನಿಗೆ ಹೇಗೆ ಗೊತ್ತಿರಬೇಕು? ಬೆಲೆಯನ್ನು ಬಾಯಲ್ಲಿ ಹೇಳಬಾರದು, ಟವಲಿನ ಕೆಳಗೆ ಬೆರಳು ಹಿಡಿದು ಹೇಳಬೇಕು. ಒಂದು ಬೆರಳು ಹಿಡಿದರೆ ಒಂದು. ಐದೂ ಸೇರಿಸಿ ಒಂದು ಸಲ ಅದುಮಿದರೆ ಐದು. ಅವನು ಅಂಗೈ ಅಗಲಿಸಿ, ‘ಅಂಕಲ್, ಮದುವೆ ಯೋಗ ಯಾವಾಗ ಇದೆ ನೋಡಿ’ ಅಂತ ಕೇಳಿದ. ನೀನು ಕೈ ಬಿಟ್ಟು ನನ್ನ ಕಡೆ ತಿರುಗಿ ‘ಕೈ ಬಲು ಮೆತ್ತಗೈತೆ. ಬೆಲೆ ಇಳ್ಸೋದು ಇವನ ಕೈಲಿಲ್ಲ, ನಡಿ’ ಅಂದೆ.

ಮಧ್ಯಾಹ್ನ ಬನಶಂಕರಿಯಲ್ಲಿ ಕೆಂದನ ಸರದಿ. ಅದಕ್ಕೂ ಕಿವಿ, ಅದಕ್ಕೂ ತಟ್ಟು, ಅದಕ್ಕೂ ಮೊಳ, ಅದಕ್ಕೂ ನನ್ನ ಫೋನಿನಲ್ಲಿ ಫೋಟೋ. ನೀನು ಎರಡು ಗಾಡಿಯನ್ನೂ ಸಮಸಮವಾಗಿ ಹೀಗಳೆದೆ. ಒಂದನ್ನು ಗೂಳಿ ಅಂದೆ, ಒಂದನ್ನು ಕರು ಅಂದೆ. ಆಮೇಲೆ ಸೋಫಾದಲ್ಲಿ ನನ್ನ ಪಕ್ಕ ಕೂತು, ಯಾರಿಗೂ ಕಾಣದ ಹಾಗೆ ನನ್ನ ಕೈ ಎಳೆದುಕೊಂಡು, ಮೇಲೆ ಟವಲ್ ಹೊದಿಸಿದೆ.

ಮನೆಯಲ್ಲಿ ಆ ಭಾಷೆ ಬಲ್ಲವನು ನಾನೊಬ್ಬನೇ. ನಾನು ಆರು ವರ್ಷದವನಿದ್ದಾಗ ನೀನು ಮಂಚದ ಮೇಲೆ ಕೂರಿಸಿಕೊಂಡು ಕಲಿಸಿದ್ದೆ. ಸರಿಯಾಗಿ ಎಣಿಸಿದರೆ ಕಡ್ಲೆಮಿಠಾಯಿ, ತಪ್ಪಿದರೆ ಕಿವಿ ಹಿಂಡು. ಹಾಗಾಗಿ ಆ ದಿನದ ತೀರ್ಪನ್ನು ಸ್ವೀಕರಿಸುವ ಅಧಿಕಾರ ನನ್ನ ಬಲಗೈಗೆ ಮಾತ್ರ ಇತ್ತು. ಐದೈದರಂತೆ ಮೂರು ಸಲ ಅದುಮಿದರೆ ಹದಿನೈದು, ಅಂದರೆ ಕೆಂದ. ನಾಲ್ಕು ಸಲ ಅದುಮಿದರೆ ಇಪ್ಪತ್ತು, ಅಂದರೆ ಕರಿಯ. ನೀನು ಅದುಮಿದೆ. ಒಂದು. ಎರಡು. ಮೂರು. ಅಷ್ಟರಲ್ಲಿ ಶೋರೂಮಿನವರು ಟ್ರೇ ತುಂಬ ಕಾಫಿ ತಂದು ನಮ್ಮ ಮೂಗಿನ ಮುಂದೆ ಹಿಡಿದರು, ನನ್ನ ಗಮನ ಅತ್ತ ಹೋಯಿತು, ಲೆಕ್ಕ ತಪ್ಪಿತು. ನಾಲ್ಕನೆಯದು ಇತ್ತೋ ಇಲ್ಲವೋ. ಇನ್ನೊಮ್ಮೆ ಅದುಮು ಅಂತ ಕೇಳಲು ಮಾನ ಅಡ್ಡ ಬಂತು.

ಬಾಯಿಬಿಟ್ಟು ಹೇಳುವವನಂತೂ ನೀನಲ್ಲ. ಟೋಕನ್ ಕೊಡುವವರೆಗೆ ಟವಲಿನ ಕೆಳಗಿನ ಮಾತು ನಾಲಿಗೆಗೆ ಬಂದರೆ ಆ ಎತ್ತು ಮನೆಗೆ ಬಂದರೂ ಮೇವು ಮುಟ್ಟಲ್ಲ ಅಂತ ನಿನ್ನ ನಂಬಿಕೆ. ಅಪ್ಪ ಕೇಳಿದಾಗಲೆಲ್ಲ ನೀನು ‘ಮನೂಗೆ ಹೇಳಿವ್ನಿ, ಕೇಳ್ಕೊ’ ಅಂದೆ. ಅಪ್ಪ ನನ್ನನ್ನು ಕೇಳಿದರೆ ನಾನು, ಹೇಳಿದ್ದಾರೆ, ಆದರೆ ತಾತ ಇನ್ನೊಮ್ಮೆ ಯೋಚನೆ ಮಾಡುತ್ತಿದ್ದಾರೆ ಅಂದೆ. ಯೋಚಿಸಲು ಸಾಮಗ್ರಿಯನ್ನು ನಾನೇ ಒದಗಿಸಿದೆ. ಎರಡು ಎಂಜಿನ್ನಿನ ಶಕ್ತಿ, ಎಳೆತ, ಮೈಲೇಜು, ಹತ್ತು ವರ್ಷದ ಇಂಧನದ ಖರ್ಚು ಎಲ್ಲಾ ಹಾಕಿ ಒಂದು ಪಟ್ಟಿ ಮಾಡಿ ಅಪ್ಪನಿಗೆ ಕೊಟ್ಟೆ. ಯುಗಾದಿಗೆ ರಿಯಾಯಿತಿ ಬರಬಹುದು, ಕಾಯೋಣ ಅಂದೆ. ಡೀಸೆಲ್ಲಿನ ಬೆಲೆ ಇಳಿಯಬಹುದು, ಕಾಯೋಣ ಅಂದೆ. ಅಪ್ಪನ ಮನಸ್ಸು ಐದು ಲಕ್ಷ ಉಳಿಯುವ ಕಡೆಗೇ ಇತ್ತು, ಆದರೆ ನಿನ್ನ ಮಾತು ಮೀರುವ ಧೈರ್ಯ ಅವನಿಗಿರಲಿಲ್ಲ.

ನೀನು ಮಾತ್ರ ಪ್ರತಿ ಶನಿವಾರ ಈ ಬೆಂಚಿನಿಂದ ಅದೇ ಪ್ರಶ್ನೆ ಕೇಳಿದೆ. ‘ಏನಾಯ್ತಲಾ, ಟೋಕನ್ ಕೊಟ್ರಾ?’ ನಾನು ಶೋರೂಮಿನವರ ಹೆಸರಿನಲ್ಲಿ ಒಂದು ರಾಯಸ ಬರೆದು ಓದಿದೆ. ಸಾರ್ವಭೌಮರ ಘನತೆಗೆ ತಕ್ಕ ವಾಹನಕ್ಕೆ ಸರದಿಯಲ್ಲಿ ಮೂವತ್ತಾರು ಸಾವಿರ ಸಾಮಂತರು ನಿಂತಿರುವುದರಿಂದ ಮಹಾಪ್ರಭುಗಳು ಸೈರಣೆ ತಾಳಬೇಕು ಎಂದು. ನೀನು ಕೆಮ್ಮು ಬರುವಷ್ಟು ನಕ್ಕೆ. ಆದರೆ ಅವತ್ತು ಮುದ್ರೆ ಒತ್ತು ಅನ್ನಲಿಲ್ಲ. ಟವಲಿನಿಂದ ಕಣ್ಣು ಒರೆಸಿಕೊಂಡು, ‘ಬ್ಯಾಗ ಆಗ್ಲಿ ಕಣ್ಲಾ’ ಅಂದೆ.

ಎಂಟು ತಿಂಗಳು, ತಾತ.

ಗಣೇಶನನ್ನು ಬಿಟ್ಟು ಬಂದ ಮೂರನೇ ದಿನ ನೀನು ಬಚ್ಚಲಮನೆಯ ಬಾಗಿಲಲ್ಲಿ ಕುಸಿದೆ. ಜಯನಗರದ ಆಸ್ಪತ್ರೆಯಲ್ಲಿ ನಾಲ್ಕು ದಿನ. ಬಲಗಡೆ ಪೂರ್ತಿ ಹೋಗಿತ್ತು, ಮಾತು ನಿಂತಿತ್ತು. ಕೊನೆಯ ಸಂಜೆ ನನ್ನನ್ನು ಐದು ನಿಮಿಷ ಒಳಗೆ ಬಿಟ್ಟರು. ನಿನ್ನ ಎಡಗೈ ಹೊದಿಕೆಯ ಕೆಳಗೆ ನನ್ನ ಕೈಗಾಗಿ ತಡಕಾಡಿತು. ನೀನು ನನ್ನ ಐದೂ ಬೆರಳು ಹಿಡಿದುಕೊಂಡೆ. ಅದುಮಲಿಲ್ಲ. ಸುಮ್ಮನೆ ಹಿಡಿದುಕೊಂಡು ನನ್ನ ಮುಖ ನೋಡಿದೆ. ಸಂತೆಯಲ್ಲಿ ಹಾಗೆ ಅದುಮದೆ ಹಿಡಿದರೆ ಅರ್ಥ ಏನು ಅಂತ ನೀನೇ ಕಲಿಸಿದ್ದೆ: ನಾನು ಹೇಳಾಯ್ತು, ಈಗ ನೀನು ಹೇಳು. ನಾನು ಏನು ಮಾಡಿದೆ ಗೊತ್ತಾ? ‘ಮಹಾಪ್ರಭುಗಳು ಬೇಗ ಚೇತರಿಸಿಕೊಂಡು ಸಿಂಹಾಸನ ಏರತಕ್ಕದ್ದು’ ಅಂತ ರಾಯಸದ ಧಾಟಿಯಲ್ಲಿ ಶುರು ಮಾಡಿದೆ. ನರ್ಸ್ ನಕ್ಕರು. ನೀನು ನಗಲಿಲ್ಲ. ಐದು ನಿಮಿಷ ಮುಗಿಯಿತು ಅಂತ ನನ್ನನ್ನು ಹೊರಗೆ ಕಳಿಸಿದರು.

ಹನ್ನೊಂದನೇ ದಿನದ ಎಡೆ ಮುಗಿದ ಮೇಲೆ ಅಪ್ಪ ಕೈ ತೊಳೆದುಕೊಂಡು ಬಂದು, ಎಲ್ಲರ ಎದುರಿಗೆ ಕೇಳಿದ. ‘ಅವರು ನಿನ್ ಕೈಗೆ ಹೇಳಿದ್ದು ಯಾವ್ದು ಮನು?’ ಏನಾದರೂ ಒಂದು ಹೇಳಲೇಬೇಕಿತ್ತು. ಕರಿಯ ಅಂದೆ. ಅಪ್ಪ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಮಾರನೇ ದಿನವೇ ಟೋಕನ್ ಕೊಟ್ಟು ಬಂದ.

ನಿನ್ನೆ ಭಾನುವಾರ ಗುಡ್ಡಕ್ಕೆ ಹೋದೆವು. ನಾನು ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ಅಪ್ಪ, ಹಿಂದೆ ನಿನ್ನ ಪಟ್ಟದರಾಣಿ ನಾರಾಯಣಮ್ಮಜ್ಜಿ ನಿನ್ನ ಫೋಟೋ ತೊಡೆಯ ಮೇಲೆ ಇಟ್ಟುಕೊಂಡು. ಎಂಜಿನ್ನಿನ ಬಗ್ಗೆ ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ ತಾತ. ಕಲ್ಲು, ಕೊರಕಲು, ಕೆಸರು ಒಂದೂ ಅದಕ್ಕೆ ಲೆಕ್ಕಕ್ಕಿರಲಿಲ್ಲ. ಎರಡು ಮೈಲಿ ಹಾಡಿಕೊಂಡು ಹತ್ತಿತು. ಅಲ್ಲಿ, ದಾರಿ ತಿರುಗುವ ಕಡೆ, ಎರಡು ಬಂಡೆ ಎದುರುಬದುರು ನಿಂತಿದ್ದವು. ಮಧ್ಯೆ ಎತ್ತಿನ ಗಾಡಿ ಹೋಗುವಷ್ಟು ಸಂದು. ಗಾಡಿ ನಿಲ್ಲಿಸಿದೆ. ಕನ್ನಡಿಗಳನ್ನು ಮಡಚಿದೆ. ಅಪ್ಪ ಇಳಿದು ಮುಂದೆ ನಿಂತು ಬಾ ಬಾ ಅಂದ. ಆಮೇಲೆ ಬೇಡ ಬೇಡ ಅಂದ.

ಅಜ್ಜಿ ಮೆಲ್ಲಗೆ ಇಳಿದರು. ಒಂದು ಬಂಡೆಯಿಂದ ಇನ್ನೊಂದಕ್ಕೆ ಮೊಳ ಹಾಕಿದರು. ಸರಿಯಾಗಿ ನಾಲ್ಕು. ಬಂದು ಗಾಡಿಯ ಮೂತಿಗೆ ಮೊಳ ಹಾಕಿದರು. ನಾಲ್ಕರ ಮೇಲೆ ಎರಡು ಬೆರಳು. ಕೆಂದ ಮೂರೂಮುಕ್ಕಾಲೂ ಇರಲಿಲ್ಲ, ಆ ಫೋಟೋ ನನ್ನ ಫೋನಿನಲ್ಲೇ ಇದೆ. ಅಜ್ಜಿ ಕೇಳಿದ್ದು ಇಷ್ಟೇ: ‘ನೋಡಕ್ಕೆ ಹೋದ ದಿವ್ಸ ಇವ್ರು ಮೊಳ ಹಾಕ್ಲಿಲ್ವೇನಪ್ಪ?’

ಹಾಕಿದ್ರು ಅಜ್ಜಿ, ಅಂದೆ.

ಬೆಲೆಯಲ್ಲ, ಎಂಜಿನ್ನಲ್ಲ. ನೀನು ಶೋರೂಮಿನ ಆ ಹೊಳೆಯುವ ನೆಲದ ಮೇಲೆ ಬಗ್ಗಿ ನಿಂತು ಅಳೆಯುತ್ತಿದ್ದದ್ದು ಈ ಎರಡು ಬಂಡೆಗಳನ್ನು.

ಮೇಲಿನ ಒಂದು ಮೈಲಿ ಅಜ್ಜಿಯ ಕಾಲಿಗೂ ಆಗುವುದಿಲ್ಲ. ಬಂಡೆಯ ಬುಡದಲ್ಲೇ ಕರ್ಪೂರ ಹಚ್ಚಿ, ಕಾಯಿ ಒಡೆದು ಮುಗಿಸಿದೆವು. ಗಾಡಿ ತಿರುಗಿಸಲು ಜಾಗವಿರಲಿಲ್ಲ, ಅರ್ಧ ಮೈಲಿ ರಿವರ್ಸಿನಲ್ಲೇ ಇಳಿಸಿದೆ. ಅಜ್ಜಿ ನಿನ್ನ ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿ ಮುಂದಿನ ಗಾಜಿನ ಕಡೆಗೆ ಹಿಡಿದಿದ್ದರು. ನೀನು ಗುಡ್ಡ ನೋಡುತ್ತಲೇ ಹಿಂದೆ ಹಿಂದೆ ಬಂದೆ. ನಾನು ಹಿಂದಕ್ಕೆ ಕತ್ತು ತಿರುಗಿಸಿ ಓಡಿಸಬೇಕಾಗಿದ್ದರಿಂದ ದಾರಿಯುದ್ದಕ್ಕೂ ಅಜ್ಜಿಯ ಮುಖ ಕಾಣಿಸುತ್ತಿತ್ತು. ಅದೊಂದನ್ನು ನಾನು ಯಾವ ರಾಯಸದಲ್ಲೂ ಬರೆಯಲಾರೆ.

ಸಾರ್ವಭೌಮರೇ, ಅಲ್ಲಿ ನಿಮಗೆ ಬಿಸಿಲು ಕಾಯಿಸಲು ಒಳ್ಳೆಯ ಕಲ್ಲುಬೆಂಚು ಸಿಗಲಿ. ಕರಿಯ, ಕೆಂದ ಇಬ್ಬರೂ ನೊಗಕ್ಕೆ ತಾವಾಗಿಯೇ ಕತ್ತು ಕೊಟ್ಟು, ನಾಲ್ಕು ಮೊಳದ ಸಂದಿನಲ್ಲಿ ನಿಮ್ಮನ್ನು ಸಲೀಸಾಗಿ ದಾಟಿಸಲಿ. ಮೆಟ್ಟಿಲ ಮೇಲೆ ಕೂತಾಗ ಈ ಕಿಡಿಗೇಡಿಯ ಹೆಸರಿನಲ್ಲಿ ಒಂದು ಬಿಲ್ವಪತ್ರೆ ಹಾಕಿಸತಕ್ಕದ್ದು, ಮನಸ್ಸು ಬಂದರೆ.

ಇಂತಿ ನಿನ್ನ ಟವಲನ್ನು ಹೆಗಲ ಮೇಲೆ ಹಾಕಿಕೊಳ್ಳಲು ಇನ್ನೂ ಧೈರ್ಯ ಬಾರದ ಮೊಮ್ಮಗ,
ಮನು

ತಾ.ಕ.: ಮೂರೇ ಸಲ ಅದುಮಿದ್ದು. ಕಾಫಿ ಬಂದದ್ದು ನೀನು ಕೈ ಬಿಟ್ಟಾದ ಮೇಲೆ, ತಾತ.